ಸ್ವಲ್ಪ ನೋವಾ, ತುಂಬಾ ನೋವಾ

ಜನವರಿ ೯

ಚಿಕ್ಕೋನೇ,

ಮನೇಲಿ ಫೋನು ಯಾಕೆ ಎತ್ತಲ್ಲ ಅಂತ ಗಾಳಿಯಣ್ಣನ ಹತ್ರ ದೂರು ಹೇಳಿ ಕಳಿಸಿದ್ದೀಯಂತೆ. ಅಲ್ಲ ಕಣೋ, ಬೆಳಗಿಂದ ಸಂಜೆವರೆಗೂ ಆಸ್ಪತ್ರೆ ಎಕ್ಸ್‌ಚೇಂಜಲ್ಲಿ ಕೂತು ಊರವರ ಕೆಮ್ಮು, ಭೇದಿ, ಬಸಿರು, ಬೈಗುಳ ಎಲ್ಲಾನೂ ಈ ಎರಡು ಕಿವೀಲಿ ತುಂಬ್ಕೊಂಡಿರ್ತೀನಿ. ಮನೆಗೆ ಬಂದ ಮೇಲೂ ಅದು ಬಡ್ಕೊಂಡ್ರೆ ನನ್ನ ತಲೆ ನೆಟ್ಟಗಿರುತ್ತಾ? ಕಾಗದ ಬರಿ. ರಕ್ತದ ಸ್ಯಾಂಪಲ್ಲು ಹೊತ್ಕೊಂಡು ದಿನಾ ಇಲ್ಲಿಂದ ನಿಮ್ಮ ದೊಡ್ಡಾಸ್ಪತ್ರೆಗೆ ಓಡೋ ವ್ಯಾನು ಇದೆ, ಓಡಿಸೋಕೆ ಗಾಳಿಯಣ್ಣ ಇದ್ದಾನೆ. ಐಸ್ ಪೆಟ್ಟಿಗೆ ಮೇಲೇ ಇಟ್ಕೊಂಡು ಬರ್ತಾನೋ ಏನೋ, ನಿನ್ನ ಕಾಗದ ಕೈಗೆ ಸಿಕ್ಕಾಗ ತಣ್ಣಗಿರುತ್ತೆ. ಒಳಗೆ ಬರೆದಿರೋದೂ ಹಾಗೇ ಇರುತ್ತೆ ಅನ್ನು.

ಈ ಸಲ ಅವನು ತಂದ ಸುದ್ದಿ ನನಗೆ ಹಿಡಿಸಲಿಲ್ಲ. ನಮ್ಮ ಟ್ರಸ್ಟಿನ ಅಷ್ಟೂ ಊರಿನ ಆಸ್ಪತ್ರೆಗಳ ಫೋನುಗಳನ್ನ ಒಂದೇ ಗಂಟು ಕಟ್ಟಿ ನಿಮ್ಮಲ್ಲಿಗೆ ತಗೊಂಡು ಹೋಗ್ತಾರಂತೆ, ಆ ಗಂಟಿನ ಯಜಮಾನ ನೀನೇ ಅಂತೆ. ಹೋದ ವರ್ಷ ಇಲ್ಲಿನ ಲ್ಯಾಬ್ ಎತ್ಕೊಂಡು ಹೋದ್ರಿ. ಆಮೇಲೆ ಅಡುಗೆಮನೆ. ಈಗ ಫೋನು. ಹೊರಗಡೆ ಗೋಡೆ ಮೇಲೆ 'ಲಾಭಕ್ಕಲ್ಲ, ಜನಕ್ಕೆ' ಅಂತ ದಪ್ಪಕ್ಷರದಲ್ಲಿ ಬರೆಸಿದ್ದಾರಲ್ಲ, ಅದೊಂದು ಇನ್ನೂ ಇದೆ. ಅದನ್ನೂ ಒಂದಿನ ಸುಣ್ಣದ ಸಮೇತ ಕೆತ್ಕೊಂಡು ಹೋಗ್ತೀರೇನೋ.

ಅಪ್ಪ ಚೆನ್ನಾಗಿದ್ದಾರೆ. ಮೊನ್ನೆ ಯಾರದ್ದೋ ಕಿಟಕಿ ಚೌಕಟ್ಟು ಮಾಡ್ತಾ ಉಳಿ ಜಾರಿ ಹೆಬ್ಬೆರಳು ಸೀಳ್ಕೊಂಡ್ರು. ಟವೆಲ್ಲು ಪೂರ್ತಿ ಕೆಂಪು. ಏನಾಯ್ತು ಅಂದ್ರೆ 'ಸ್ವಲ್ಪ ತಾಗಿತು' ಅಂದ್ರು. ನಮ್ಮಪ್ಪನ ಸ್ವಲ್ಪ ಎಷ್ಟಿರುತ್ತೆ ಅಂತ ನಿನಗೆ ನಾನು ಹೇಳ್ಬೇಕಾ? ಅಮ್ಮ ಹೋದ ದಿನಾನೂ 'ಸ್ವಲ್ಪ ಕಷ್ಟ ಆಗ್ತಿದೆ' ಅಂದ ಮನುಷ್ಯ. ಯಾವ ಮಾತು ಮುಗಿಸಿದ್ರೂ 'ಚಿಕ್ಕೋನು ಹೇಗಿದ್ದಾನಂತೆ' ಅಂತ ಕೇಳದೆ ಎದ್ದು ಹೋಗಲ್ಲ. ಏನು ಹೇಳಲಿ, ತಣ್ಣಗಿದ್ದಾನೆ ಅಂತೀನಿ.

ನಿನ್ನ,
ಅಕ್ಕ


ಜನವರಿ ೧೮

ಪ್ರೀತಿಯ ಅಕ್ಕ,

ಗಾಳಿಯಣ್ಣ ತಂದಿದ್ದು ನಿಜಾನೇ. ನನ್ನ ಬಾಯಿಂದಲೇ ಮೊದಲು ಕೇಳ್ಬೇಕಾಗಿತ್ತು ನೀನು. ಏಪ್ರಿಲ್‌ನಿಂದ ಎಲ್ಲಾ ಆಸ್ಪತ್ರೆಗೂ ಒಂದೇ ನಂಬರು, ಒಂದೇ ಸಹಾಯವಾಣಿ. ನಿನ್ನ ಎಕ್ಸ್‌ಚೇಂಜ್ ರೂಮು ಮುಚ್ಚುತ್ತೆ. ನಿನ್ನ ಕೆಲಸಕ್ಕೇನೂ ತೊಂದರೆ ಇಲ್ಲ, ಚೀಟಿ ಕೊಡೋ ಕೌಂಟರಿಗೆ ಹಾಕ್ತಾರೆ. ಅದನ್ನ ಮಾತ್ರ ನಾನು ಜಗಳ ಆಡಿ ಬರೆಸ್ಕೊಂಡಿದ್ದೀನಿ.

ಬಯ್ಯೋ ಮುಂಚೆ ಪೂರ್ತಿ ಓದು. ಈಗ ಒಂದೊಂದು ಊರಲ್ಲಿ ಒಂದೊಂದು ಕಥೆ. ನಿನ್ನ ಹಾಗೆ ಎಲ್ಲರೂ ಎತ್ತಲ್ಲ. ಒಂದು ಕಡೆ ಫೋನ್ ಹೊಡ್ಕೊಂಡೇ ಇರುತ್ತೆ, ಇನ್ನೊಂದು ಕಡೆ ಕಾವಲುಗಾರ ಎತ್ತಿ 'ಡಾಕ್ಟ್ರು ಊಟಕ್ಕೆ ಹೋಗಿದ್ದಾರೆ' ಅಂತಾನೆ. ಹೊಸದರಲ್ಲಿ ಯಾರು ಮಾಡಿದ್ರೂ ತಕ್ಷಣ ಉತ್ತರ ಸಿಗುತ್ತೆ. ಧ್ವನಿ ಒಂದು ಪ್ರಶ್ನೆ ಕೇಳುತ್ತೆ, ಜನ ಮಾತಲ್ಲೇ ಹೇಳ್ತಾರೆ, ಕಂಪ್ಯೂಟರು ಆ ಮಾತು ಹಿಡಿದು ಯಾರಿಗೆ ಆಂಬುಲೆನ್ಸು, ಯಾರಿಗೆ ನಾಳೆಯ ಭೇಟಿ ಅಂತ ತೀರ್ಮಾನ ಮಾಡುತ್ತೆ. ದುಡ್ಡಿದ್ದವರು, ಇಲ್ಲದವರು ಅಂತ ಅದಕ್ಕೆ ಗೊತ್ತೇ ಆಗಲ್ಲ. ನನಗೆ ಇಷ್ಟ ಆಗಿದ್ದು ಅದೇ.

ಆ ಧ್ವನಿ ನಿನ್ನದೇ ಆಗ್ಬೇಕು ಅಂತ ನನ್ನಾಸೆ. ಪಟ್ಟಣದ ಹುಡುಗಿಯರ ಧ್ವನಿ ಕೇಳಿಸಿದ್ರು ನನಗೆ. ವಿಮಾನ ಹೊರಡ್ತಿದೆ, ಬೆಲ್ಟು ಕಟ್ಕೊಳ್ಳಿ ಅಂದ ಹಾಗಿದೆ. ಓದಬೇಕಾದ ಸಾಲುಗಳನ್ನ ಜೊತೆಗೆ ಇಟ್ಟಿದ್ದೀನಿ, ನೋಡು.

ನಿನ್ನ ತಮ್ಮ


ಫೆಬ್ರವರಿ ೨

ಲೋ ಯಜಮಾನ,

ಹತ್ತು ದಿನ ಸಿಟ್ಟಲ್ಲಿದ್ದೆ, ಅದಕ್ಕೇ ಬರೀಲಿಲ್ಲ. ಹನ್ನೊಂದನೇ ದಿನ ಆ ಸಾಲುಗಳನ್ನ ಓದಿದೆ, ನಗು ಬಂತು. 'ತಮ್ಮ ವೇದನೆಯ ತೀವ್ರತೆಯು ಅಲ್ಪವೋ ಅಧಿಕವೋ ದಯಮಾಡಿ ತಿಳಿಸಿರಿ.' ಇದನ್ನ ಯಾರೋ ಬರೆದಿದ್ದು? ನಾಟಕದ ರಾಜನಾ? ಹೊಟ್ಟೆ ಹಿಡ್ಕೊಂಡು ಒದ್ದಾಡ್ತಿರೋನ ಮುಂದೆ ಹೀಗಂದ್ರೆ ಅವನು ನೋವು ಮರೆತು ಓಡಿ ಹೋಗ್ತಾನೆ. ಅಪ್ಪನಿಗೆ ಓದಿ ಹೇಳಿದೆ. 'ಇದೇನು, ಕೋರ್ಟಿನಿಂದ ಬಂತಾ' ಅಂದ್ರು.

ಎಲ್ಲಾನೂ ತಿದ್ದಿ ಕಳಿಸಿದ್ದೀನಿ. ಶುರುವಲ್ಲಿ 'ನಮಸ್ಕಾರ, ಹೇಳಿ, ಏನಾಯ್ತು?' ಅಂತಿರ್ಲಿ. ನಾನು ಎಲ್ಲರಿಗೂ ಕೇಳೋದೇ ಹಾಗೆ. ಆ ರಾಜನ ಸಾಲು ಇದ್ದ ಕಡೆ 'ಸ್ವಲ್ಪ ನೋವಾ, ತುಂಬಾ ನೋವಾ?' ಅಷ್ಟೇ. ಮನೆಯವರು ಕೇಳೋದೂ ಹಾಗೇ ತಾನೇ? ಕೊನೆಗೆ 'ಹುಷಾರಾಗಿರಿ' ಅಂತ ಹಾಕಿದ್ದೀನಿ, ಅದನ್ನ ತೆಗೆದ್ರೆ ನಾನು ಬರಲ್ಲ. ಹುಷಾರಾಗಿರಿ ಅನ್ನದೆ ನಾನು ಇವತ್ತಿನವರೆಗೂ ಯಾರ ಫೋನೂ ಇಟ್ಟಿಲ್ಲ.

ಬರ್ತೀನಿ. ಮುಚ್ಚೋದಂತೂ ಮುಚ್ತೀರಿ, ನಾನು ಬರದಿದ್ರೆ ಆ ಬೆಲ್ಟು ಕಟ್ಟಿಸೋ ಹುಡುಗಿ ಬರ್ತಾಳೆ. ಮತ್ತೆ ನಿಜ ಹೇಳ್ಲಾ? ಅಷ್ಟೂ ಊರಲ್ಲಿ ನನ್ನ ದನಿ ಕೇಳ್ಸುತ್ತೆ ಅಂದಾಗ ಸ್ವಲ್ಪ ಜಂಬಾನೂ ಬಂತು. ಹೊಸ ಚಪ್ಪಲಿ ತಗೊಂಡೆ, ದನಿಗೆ ಚಪ್ಪಲಿ ಯಾಕೆ ಅಂತ ಕೇಳ್ಬೇಡ.

ಅಕ್ಕ


ಮಾರ್ಚ್ ೧೧

ಅಕ್ಕ,

ನೀನು ಹೋದ ಮೇಲೂ ಇಲ್ಲಿ ನಿನ್ನದೇ ಮಾತು. ರೆಕಾರ್ಡಿಂಗ್ ಮಾಡಿದವನು ಇಡೀ ವಾರ 'ಹುಷಾರಾಗಿರಿ' ಅಂತ ನಿನ್ನ ಹಾಗೆ ಎಳೆದು ಹೇಳ್ಕೊಂಡು ಓಡಾಡ್ತಿದ್ದಾನೆ. ದೊಡ್ಡ ಮೇಡಂ, ಟ್ರಸ್ಟಿನ ಮುಖ್ಯಸ್ಥೆ, ಕಣ್ಣು ಮುಚ್ಕೊಂಡು ಕೇಳಿ, 'ನಮ್ಮಮ್ಮ ಮಾತಾಡಿದ ಹಾಗಿದೆ, ಯಾರೂ ಇದನ್ನ ಯಂತ್ರ ಅಂದ್ಕೊಳ್ಳಲ್ಲ' ಅಂದ್ರು. ನನಗೆ ಎದೆ ಉಬ್ಬಿ ಹೋಯ್ತು. ಅಪ್ಪನಿಗೂ ಹೇಳು.

ನಿನ್ನ ಸಾಲುಗಳನ್ನ ಒಂದೂ ಬದಲಾಯಿಸಿಲ್ಲ. 'ತುಂಬಾ' ಅಂದವರಿಗೆ ಗಾಡಿ, 'ಸ್ವಲ್ಪ' ಅಂದವರಿಗೆ ಭೇಟಿ. ಇಷ್ಟು ಸರಳ ಆಗುತ್ತೆ ಅಂತ ನಾವ್ಯಾರೂ ಅಂದ್ಕೊಂಡಿರ್ಲಿಲ್ಲ.

ನಿನ್ನ ತಮ್ಮ


ಏಪ್ರಿಲ್ ೨೦

ಚಿಕ್ಕೋನೇ,

ಎಕ್ಸ್‌ಚೇಂಜ್ ರೂಮಿಗೆ ಬೀಗ ಬಿತ್ತು. ನನ್ನ ಕುರ್ಚಿನ ಕೌಂಟರಿಗೆ ತಗೊಂಡು ಬಂದೆ, ಅದರ ಮೇಲೆ ಕೂತ್ರೆ ಗಾಜಿನ ತೂತು ನನ್ನ ಹಣೆಗೆ ಬರುತ್ತೆ, ಜನ ನನ್ನ ಹಣೆ ಜೊತೆ ಮಾತಾಡ್ತಾರೆ. ಹೋಗ್ಲಿ ಬಿಡು, ಅದಕ್ಕಲ್ಲ ಬರೆದಿದ್ದು.

ಮೊದಮೊದಲು ತಮಾಷೆಯಾಗಿತ್ತು. ಅಪ್ಪ ಮಾಡಿಕೊಟ್ಟ ಆ ಉದ್ದ ಬೆಂಚಿದೆಯಲ್ಲ ಹೊರಗಡೆ, ಅದರ ಮೇಲೆ ಕೂತು ಜನ ನನ್ನ ಕಣ್ಣೆದುರೇ ಫೋನ್ ಮಾಡ್ತಾರೆ. ಅದರೊಳಗಿಂದ ನಾನೇ ಮಾತಾಡ್ತೀನಿ. ಆ ನಾನು ಯಾವತ್ತೂ ಸುಸ್ತಾಗಲ್ಲ, ಕೆಮ್ಮಲ್ಲ, 'ಆಮೇಲೆ ಹೇಳಿ' ಅಂತ ಮುಂದಕ್ಕೆ ಏನೂ ಕೇಳಲ್ಲ. ಒಂದಿನ ಒಬ್ಬ ಮುದುಕಿ ಫೋನಿಗೆ ಕಿವಿಗೊಟ್ಟು, ನನ್ನ ಕಡೆ ನೋಡಿ, 'ನೀನಿಲ್ಲಿದ್ದೀಯ, ಹಾಗಾದ್ರೆ ಇವಳ್ಯಾರೇ?' ಅಂದಳು.

ಈಗ ಕೇಳು. ನಮ್ಮ ಪಕ್ಕದ ಮನೆ ಬೀಗದಣ್ಣ ಹೋದ ವಾರ ಬೆಳಿಗ್ಗೆ ಎದ್ದಾಗ ಬಲಗೈ ಎತ್ತೋಕಾಗಿಲ್ಲ. ನಿಮ್ಮ ನಂಬರಿಗೆ ಫೋನ್ ಮಾಡಿದ್ದಾರೆ. 'ಕೈ ಜೋಮು ಹಿಡಿದಿದೆ' ಅಂದಿದ್ದಾರೆ. ನಾನು, ಅಂದ್ರೆ ಅವಳು, 'ಸ್ವಲ್ಪ ನೋವಾ, ತುಂಬಾ ನೋವಾ' ಅಂತ ಕೇಳಿದ್ದಾಳೆ. 'ಸ್ವಲ್ಪ' ಅಂದಿದ್ದಾರೆ ಪಾಪ. ಮೂರನೇ ದಿನಕ್ಕೆ ಭೇಟಿ ಕೊಟ್ಟು, ಹುಷಾರಾಗಿರಿ ಅಂದಿದ್ದಾಳೆ. ಅಷ್ಟರಲ್ಲಿ ಆಗೋದು ಆಗಿ ಹೋಯ್ತು. ಲಕ್ವ. ಎಂಥ ಬೀಗಾನೂ ಕಣ್ಣು ಮುಚ್ಚಿ ತೆಗೀತಿದ್ದ ಕೈ ಈಗ ಹಗ್ಗದ ಹಾಗೆ ಜೋತಾಡ್ತಿದೆ.

ಯಾರೋ ಒಬ್ಬರಾದ್ರೂ 'ತುಂಬಾ' ಅಂತಾರೇನೋ ನಮ್ಮ ಜನ? ಮನೆ ಬಿದ್ದೋದ್ರೂ 'ಸ್ವಲ್ಪ ತೊಂದರೆ' ಅನ್ನೋರು. ಇದು ನನಗೆ ಗೊತ್ತಿರ್ಲಿಲ್ವಾ? ನಾನೇ ಬರೆದು, ನಾನೇ ಓದಿ ಬಂದೆನಲ್ಲೋ! ಆ ಸಾಲು ತೆಗಿ. ನಾಳೆನೇ ತೆಗಿ.

ಅಕ್ಕ


ಮೇ ೬

ಅಕ್ಕ,

ಬೀಗದಣ್ಣನ ವಿಷಯ ಓದಿ ಊಟ ಸೇರಲಿಲ್ಲ. ಆದ್ರೆ ಒಂದು ಮಾತು ತಿಳ್ಕೊ, ನಾವೇನು ಕಟುಕರಲ್ಲ. 'ಎದೆ' ಅನ್ನೋ ಮಾತು ಬಂದ್ರೆ, 'ಉಸಿರು' ಅಂದ್ರೆ, 'ರಕ್ತ' ಅಂದ್ರೆ, ಸ್ವಲ್ಪ ಅಂದ್ರೂ ತುಂಬಾ ಅಂದ್ರೂ ಗಾಡಿ ಹೊರಡುತ್ತೆ. ಕೈಕಾಲು ನೋವಿಗೆ ಮಾತ್ರ ಆ ಪ್ರಶ್ನೆ. ಅದರಲ್ಲೇ ಇವರು ಸಿಕ್ಕಿ ಹಾಕ್ಕೊಂಡಿದ್ದಾರೆ.

ಮೇಡಂಗೆ ಹೇಳಿದೆ. ಕಮಿಟಿ ಮುಂದೆ ಹೋಗ್ಬೇಕು ಅಂದ್ರು. ಕಮಿಟಿಯವರು ಅಂಕಿ ಕೇಳಿದ್ರು, ಒಬ್ಬರ ಕೈ ಅಂಕಿ ಆಗಲ್ವಂತೆ. ಜಗಳ ಆಡಿದೆ ಅಕ್ಕ, ನಂಬು. ಕೊನೆಗೆ ಒಪ್ಪಿದ್ದು ಇಷ್ಟು: ಜೂನ್ ಹತ್ತಕ್ಕೆ ನೀನು ಇಲ್ಲಿಗೆ ಬಂದು ಹೊಸ ಸಾಲು ಓದ್ಬೇಕು. 'ಎದ್ದು ಓಡಾಡೋಕೆ ಆಗ್ತಿದೆಯಾ? ಕೈ ಮೇಲಕ್ಕೆ ಎತ್ತೋಕೆ ಆಗ್ತಿದೆಯಾ?' ಹೀಗೆ. ಅಲ್ಲಿವರೆಗೂ ಹಳೇದೇ ನಡೀಲಿ ಅಂದಿದ್ದಾರೆ. ಬೇರೆ ಧ್ವನಿ ಮಧ್ಯೆ ಸೇರಿಸಿದ್ರೆ ಜನ ಗಾಬರಿ ಆಗ್ತಾರಂತೆ.

ನಿನ್ನ ತಮ್ಮ


ಮೇ ೨೫

ಚಿರಂಜೀವಿ ಮಗನಿಗೆ ಆಶೀರ್ವಾದ.

ಇದನ್ನ ಅಕ್ಕನಿಗೆ ಗೊತ್ತಾಗದ ಹಾಗೆ ಗಾಳಿ ಕೈಯಲ್ಲಿ ಕಳಿಸ್ತಿದ್ದೀನಿ. ಮರಕ್ಕೆ ಗುರುತು ಹಾಕೋ ಪೆನ್ಸಿಲ್ಲು, ಸರಿಯಾಗಿ ಕಾಣದಿದ್ರೆ ಬೆಳಕಿಗೆ ಹಿಡಿ.

ಎಡ ಭುಜದಿಂದ ಕೆಳಗೆ ಸ್ವಲ್ಪ ಹಿಡ್ಕೊಂಡ ಹಾಗಿದೆ. ಮರದ ಮೇಲೆ ಕೀಸುಳಿ ಹಿಡಿದು ನಾಕು ಸಲ ತಳ್ಳಿದ್ರೆ ಕೂತ್ಕೋಬೇಕು ಅನ್ಸುತ್ತೆ. ಮೆಟ್ಟಿಲು ಹತ್ತುವಾಗಲೂ ಸ್ವಲ್ಪ ಹಾಗೇ. ವಯಸ್ಸಿನದು ಇರ್ಬಹುದು. ಅಕ್ಕನಿಗೆ ಹೇಳಿಲ್ಲ. ಬೀಗದವನಿಗೆ ಹಾಗಾದಾಗಿಂದ ಅವಳು ಸರಿಯಾಗಿ ಊಟ ಮಾಡ್ತಿಲ್ಲ, ಎಲ್ಲಾ ತನ್ನಿಂದಲೇ ಆಯ್ತು ಅಂತಾಳೆ. ಇದೂ ಗೊತ್ತಾದ್ರೆ ಪಟ್ಟಣಕ್ಕೆ ಬರೋದು ಬಿಟ್ಟು ಮನೇಲಿ ಕೂರ್ತಾಳೆ. ಅವಳು ಬಂದು ಆ ಸಾಲು ಸರಿ ಮಾಡಿದ್ರೆ ಅವಳ ಮನಸ್ಸಿಗೆ ಸಮಾಧಾನ.

ನೀನು ದೊಡ್ಡಾಸ್ಪತ್ರೇಲಿ ಇರೋನು. ಏನು ಮಾಡ್ಬೇಕು ಅಂತ ಎರಡು ಸಾಲು ಬರಿ. ಅವಸರ ಏನಿಲ್ಲ.

ನಿನ್ನ ಅಪ್ಪ


ಮೇ ೩೦

ಅಪ್ಪ,

ಗಾಳಿಯಣ್ಣ ಕಾಯ್ತಾ ನಿಂತಿದ್ದಾನೆ, ಅವಸರದಲ್ಲಿ ಬರೀತಿದ್ದೀನಿ. ಈ ತಿಂಗಳು ಹೊಸದಾಗಿ ಎರಡು ಊರಿನ ಆಸ್ಪತ್ರೆ ನಮ್ಮ ಟ್ರಸ್ಟಿಗೆ ಸೇರ್ತಿವೆ, ತಲೆ ಕೆರ್ಕೊಳ್ಳೋಕೂ ಪುರುಸೊತ್ತಿಲ್ಲ. ಅಕ್ಕನಿಗೆ ಹೇಳಲ್ಲ, ಚಿಂತೆ ಬೇಡ.

ನೀವು ಇನ್ನೂ ಮರ ಎತ್ತಿ ಇಳಿಸ್ತಿದ್ರೆ ಭುಜ ಹಿಡ್ಕೊಳ್ಳದೆ ಇನ್ನೇನಾಗುತ್ತೆ? ಸ್ವಲ್ಪ ದಿನ ಕೀಸುಳಿ ಕೆಳಗಿಡಿ. ಜಾಸ್ತಿ ಅನ್ನಿಸಿದ್ರೆ ಕಾಯ್ಬೇಡಿ, ಸಹಾಯವಾಣಿಗೆ ಫೋನ್ ಮಾಡಿ, ನಂಬರು ಈ ಹಾಳೆಯ ತಲೆ ಮೇಲೇ ಅಚ್ಚಾಗಿದೆ. ಯಾರೋ ಏನೋ ಅಂತ ಸಂಕೋಚ ಪಡೋ ಹಾಗಿಲ್ಲ ನೀವು, ಅಲ್ಲಿ ಮಾತಾಡೋದು ನಮ್ಮ ಅಕ್ಕನೇ!

ಹತ್ತಕ್ಕೆ ಅಕ್ಕನ ಕೆಲಸ ಮುಗಿಸಿ, ಅವಳ ಜೊತೇಲೇ ಊರಿಗೆ ಬರ್ತೀನಿ. ನಾನೇ ಕೂತು ನೋಡ್ತೀನಿ.

ನಿಮ್ಮ ಮಗ


ಜೂನ್ ೮

ಚಿಕ್ಕೋನೇ,

ನಾಳೆ ಸಂಜೆ ಬಸ್ಸಿಗೆ ಹೊರಡ್ತೀನಿ. ಹೊಸ ಸಾಲುಗಳನ್ನ ಅಡುಗೆಮನೇಲಿ ಓದಿ ಓದಿ ಗಂಟಲು ಒಣಗಿದೆ. 'ಕೈ ಮೇಲಕ್ಕೆ ಎತ್ತೋಕೆ ಆಗ್ತಿದೆಯಾ?' ಅಂತ ಅಪ್ಪನ ಮುಂದೆ ಓದಿ ತೋರಿಸಿದೆ. ಪೇಪರ್ ಓದ್ತಿದ್ದವರು ಪೇಪರ್ ಇಳಿಸಲೇ ಇಲ್ಲ. 'ಚೆನ್ನಾಗಿದೆ, ಚೆನ್ನಾಗಿದೆ' ಅಂದ್ರು, ಅಷ್ಟೇ.

ನನಗೇನೋ ಹೋಗೋಕೆ ಮನಸ್ಸೇ ಬರ್ತಿಲ್ಲ. ಯಾಕೆ ಅಂದ್ರೆ ಹೇಳೋಕೆ ಬರಲ್ಲ. ಅಪ್ಪ ಈಗ ಕುರ್ಚಿಯಲ್ಲೇ ಮಲಗ್ತಾರೆ, ಸೆಖೆ ಅಂತಾರೆ. ಚೌಕಟ್ಟಿನ ಕೆಲಸ ಅರ್ಧಕ್ಕೆ ಬಿಟ್ಟಿದ್ದಾರೆ, ಮರ ಇನ್ನೂ ಹಸಿ ಅಂತಾರೆ. ಅದು ಹೋದ ವರ್ಷ ತಂದ ಮರ ಕಣೋ. ಜಗಳ ಆಡಿ ನಮ್ಮಾಸ್ಪತ್ರೆ ಡಾಕ್ಟರಮ್ಮನ ಹತ್ರ ಕರ್ಕೊಂಡು ಹೋಗ್ತೀನಿ ಅಂದ್ರೆ, 'ಮೊದಲು ನೀನು ಹೋಗಿ ಬಾ, ಊರವರ ಕೈ ಉಳಿಸು' ಅಂತ ನನ್ನ ಬಾಯಿ ಮುಚ್ಚಿಸಿದ್ರು. ನನ್ನ ಚೀಲ ಅವರೇ ತುಂಬಿ ಬಾಗಿಲಲ್ಲಿ ಇಟ್ಟಿದ್ದಾರೆ. ಇಷ್ಟು ಅವಸರದಲ್ಲಿ ಯಾವತ್ತೂ ನನ್ನ ಆಚೆ ಕಳಿಸಿದವರಲ್ಲ.

ಬಂದ ಮೇಲೆ ಮಾತಾಡೋಣ.

ಅಕ್ಕ


ಜುಲೈ ೩

ಚಿಕ್ಕೋನೇ,

ಅಪ್ಪನ ತಿಥಿ ಮುಗಿಸಿ ನೀನು ಹೊರಟು ಹೋದ ಮೇಲೆ ಮನೆ ಗುಡಿಸಿದೆ. ಅರ್ಧ ಚೌಕಟ್ಟು ಹಾಗೇ ನಿಂತಿದೆ, ಅದನ್ನ ಏನು ಮಾಡೋದು ಅಂತ ಗೊತ್ತಾಗ್ತಿಲ್ಲ. ಕಿಟಕಿ ಮಾಡಿಸ್ಕೊಳ್ಳೋರು ಬಂದು ಅದರ ಮೇಲೆ ಕೈಯಾಡಿಸಿ ಹೋದ್ರು.

ನನ್ನ ತಲೇಲಿ ಒಂದೇ ಓಡ್ತಿದೆ. ಆವತ್ತು ಅಪ್ಪ ಫೋನ್ ಮಾಡೋ ಹೊತ್ತಿಗೆ ನಾವಿಬ್ಬರೂ ಆ ಗಾಜಿನ ರೂಮಲ್ಲಿ ಇದ್ದೆವಲ್ಲ. ನಾನು ಮೈಕಿನ ಮುಂದೆ, ನೀನು ಗಾಜಿನ ಆಚೆ ಹೆಬ್ಬೆರಳು ಎತ್ಕೊಂಡು. ನಮ್ಮ ಫೋನುಗಳು ಹೊರಗಡೆ ಬುಟ್ಟೀಲಿ. ಆ ಸಾಲನ್ನ ಸರಿ ಮಾಡ್ತಾ ಕೂತಿದ್ದೆವು ಕಣೋ, ಅದೇ ಸಾಲನ್ನ! ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಅಂತಾರಲ್ಲ, ನಾವು ಬಾಗಿಲು ಹಾಕ್ತಿರುವಾಗಲೇ ಹೊಡ್ಕೊಂಡು ಹೋದ್ರು.

ಬೀಗದಣ್ಣ ಬಂದಿದ್ರು. ಅತ್ತೂ ಅತ್ತೂ ಹೇಳಿದ್ರು. ಸಂಜೆ ದೀಪ ಹಾಕಿಲ್ಲ ಅಂತ ಕೂಗಿದ್ದಾರೆ, ಒಳಗಡೆಯಿಂದ ಬೀಗ. ಎಡಗೈಯಲ್ಲಿ ಬೀಗ ತೆಗೆಯೋಕೆ ಹೋಗಿ ಸಲಕರಣೆ ಕೈಯಿಂದ ಜಾರಿ ಜಾರಿ ಬಿದ್ದಿದೆಯಂತೆ. 'ನನ್ನ ಬಲಗೈ ಇದ್ದಿದ್ರೆ ಅರೆಗಳಿಗೆ ಕೆಲಸ ತಾಯಿ' ಅಂದ್ರು. ಒಳಗೆ ಹೋದಾಗ ಅಪ್ಪನ ಮೈ ಇನ್ನೂ ಬೆಚ್ಚಗಿತ್ತಂತೆ. ಆ ಬೆಚ್ಚಗಿತ್ತು ಅನ್ನೋ ಮಾತು ನನ್ನನ್ನ ಸಾಯಿಸ್ತಿದೆ.

ಅಪ್ಪನ ಫೋನು ನನ್ನ ಹತ್ರ ಇದೆ. ಅದಕ್ಕೆ ನಿಮ್ಮ ಸಹಾಯವಾಣಿಯಿಂದ ಒಂದು ಮೆಸೇಜು ಬಂದಿದೆ. 'ಮಾನ್ಯ ಅಪ್ಪ ಅವರೇ, ನಿಮ್ಮ ಭೇಟಿ ನಾಳೆ ಬೆಳಿಗ್ಗೆಗೆ ನಿಗದಿಯಾಗಿದೆ.' ಮಾನ್ಯ ಅಪ್ಪ ಅವರೇ! ಅವರನ್ನ ಹಾಗೆ ಅನ್ನೋರು ಲೋಕದಲ್ಲಿ ಇಬ್ಬರೇ. ಆ ಹೆಸರು ಯಾರು ಬರೆಸಿದ್ದು? ನೀನಾ?

ಆ ಕರೆ ನಿಮ್ಮಲ್ಲಿ ರೆಕಾರ್ಡ್ ಆಗಿರುತ್ತೆ ಅಂತ ನೀನೇ ಹೇಳಿದ್ದೆ. ನನ್ನ ಕೈಯಲ್ಲಿ ಕೇಳೋಕಾಗಲ್ಲ. ನೀನು ಕೇಳಿ ಬರಿ. ಒಂದಕ್ಷರಾನೂ ಬಿಡಬೇಡ.

ಅಕ್ಕ


ಜುಲೈ ೧೪

ಅಕ್ಕ,

ಕೇಳಿದೆ. ಬರೀಬೇಕು ಅಂತ ಕೂತು ಏಳ್ತಾ ಇದ್ದೀನಿ. ಹೇಗಿದೆಯೋ ಹಾಗೇ ಬರೀತೀನಿ.

'ನಮಸ್ಕಾರ, ಹೇಳಿ, ಏನಾಯ್ತು?' ಅಂತ ನಿನ್ನ ದನಿ. ಆ ಕಡೆ ಬರೀ ಉಸಿರು. ಆಮೇಲೆ ಅಪ್ಪ, 'ಓ, ನೀನೇನಾ? ಆಗಲೇ ಹೋಗಿ ಕೆಲಸಕ್ಕೆ ಕೂತ್ಯಾ? ತಿಂಡಿ ತಿಂದ್ಯಾ?' ಅಂದ್ರು. ಆ ಮಾತು ಯಂತ್ರಕ್ಕೆ ಗೊತ್ತಿಲ್ಲ. 'ನಿಮ್ಮ ಹೆಸರು ಹೇಳಿ' ಅಂತು. ಅಪ್ಪ ನಕ್ಕರು. 'ಆಹಾ, ಹೆಸರು ಬೇಕಂತೆ! ಅಪ್ಪ ಕಣಮ್ಮ' ಅಂದ್ರು. ಹೆಸರು ಬರೆಸಿದ್ದು ನಾನಲ್ಲ ಅಕ್ಕ, ಅವರೇ.

'ಎಲ್ಲಿ ತೊಂದರೆ ಆಗ್ತಿದೆ?' ಅಂತ ನೀನು ಕೇಳ್ದೆ. 'ಏನಿಲ್ಲ, ಈ ಎಡಗೈ' ಅಂದ್ರು. ಎದೆ ಅನ್ನಲಿಲ್ಲ. ಉಸಿರು ಅಂತಲೂ ಅನ್ನಲಿಲ್ಲ, ಆದ್ರೆ ಆ ಉಸಿರು ನನ್ನ ಕಿವಿಗೆ ಕೇಳ್ತಿದೆ, ಗರಗಸ ಎಳೆದ ಹಾಗೆ. ಅದು ಮಾತಲ್ಲವಲ್ಲ, ಕಂಪ್ಯೂಟರು ಹಿಡಿಯಲ್ಲ. ಆಮೇಲೆ ನೀನು, 'ಸ್ವಲ್ಪ ನೋವಾ, ತುಂಬಾ ನೋವಾ?'

ಕುರ್ಚಿ ಕಿರುಗುಟ್ಟುತ್ತೆ. 'ತು' ಅಂದ್ರು ಅಕ್ಕ. ಮತ್ತೆ ಮತ್ತೆ ಹಾಕಿ ಕೇಳ್ದೆ, 'ತು' ಅಂತಲೇ ಇದೆ. ಅಲ್ಲಿಗೆ ನಿಲ್ಲಿಸಿ, ಗಂಟಲು ಸರಿ ಮಾಡ್ಕೊಂಡು, 'ಸ್ವಲ್ಪ ಕಣಮ್ಮ. ನೀನು ಗಾಬರಿ ಆಗ್ಬೇಡ' ಅಂದ್ರು.

ನೀನು ಭೇಟಿ ನಾಳೆ ಬೆಳಿಗ್ಗೆ ಅಂದೆ. ಹುಷಾರಾಗಿರಿ ಅಂದೆ. 'ಆಯ್ತಮ್ಮ' ಅಂದ್ರು. ಅಷ್ಟೇ.

ಅಪರಿಚಿತರು ಯಾರಾದ್ರೂ ಕೇಳಿದ್ದಿದ್ರೆ 'ತುಂಬಾ' ಅಂತ ಹೇಳಿಬಿಡ್ತಿದ್ರೇನೋ. ಆ ವಿಮಾನದ ಹುಡುಗಿ ಕೇಳಿದ್ದಿದ್ರೆ. ಈ ಯೋಚನೆ ಬಂದಾಗಿಂದ ನನಗೆ ನಿದ್ದೆ ಇಲ್ಲ.

ಹೊಸ ಸಾಲುಗಳು ಇನ್ನೂ ಹೋಗಿಲ್ಲ. ಹೊಸ ಊರುಗಳನ್ನೂ ಸೇರಿಸಿ ಒಟ್ಟಿಗೆ ಬದಲಾಯಿಸೋಣ ಅಂತ ಕಮಿಟಿ ಮುಂದಕ್ಕೆ ಹಾಕಿದೆ. ನಾನು ಬಿಡಲ್ಲ.

ನಿನ್ನ ತಮ್ಮ


ಜುಲೈ ೨೯

ಚಿಕ್ಕೋನೇ,

ಬಿಡಲ್ಲ ಅಂತೀಯ. ನಿನ್ನೆ ಹಾಲಿನ ಬೂತಿನ ಹತ್ರ ಒಬ್ಬಳು ಕಂಕುಳಲ್ಲಿ ಮಗು ಇಟ್ಕೊಂಡು ಫೋನಲ್ಲಿ ಮಾತಾಡ್ತಿದ್ದಳು. ನನ್ನ ದನಿ ಹೊರಗಡೆ ಕೇಳ್ತಿತ್ತು. ಇಳಿಸೋಕೆ ಹೋದ್ರೆ ಮಗು ಕಾಲು ನೆಲಕ್ಕೆ ಊರ್ತಿಲ್ಲ, ಕಿರುಚ್ತಿದೆ. ಅವಳು, 'ಸ್ವಲ್ಪ ನೋವು ಅಕ್ಕ' ಅಂದಳು. ಫೋನಿಗೆ ಅಕ್ಕ ಅಂದಳು! ನಾನು ಓಡಿ ಹೋಗಿ ಅವಳ ಕೈಯಿಂದ ಫೋನ್ ಕಿತ್ಕೊಂಡು 'ತುಂಬಾ, ತುಂಬಾ, ತುಂಬಾ' ಅಂತ ಕೂಗಿದೆ. ಜನ ಸೇರಿದ್ರು. ಬೀಗದಣ್ಣ ಕೈ ಹಿಡಿದು ಮನೆಗೆ ಕರ್ಕೊಂಡು ಬಂದ್ರು. ಗಾಡಿ ಬಂತಂತೆ, ಮಗು ಕಾಲು ಮುರಿದಿತ್ತಂತೆ. ಊರಲ್ಲಿ ನನಗೆ ತಲೆ ಕೆಟ್ಟಿದೆ ಅಂತ ಸುದ್ದಿ. ಗಾಳಿಯಣ್ಣ ನಿನಗೂ ಹೇಳಿರ್ತಾನೆ.

ಇರ್ಲಿ. ನಿನ್ನ ಕಾಗದಾನ ಇಷ್ಟು ದಿನದಿಂದ ಓದ್ತಿದ್ದೀನಿ. ಅದರಲ್ಲಿ ಒಂದು ಸಾಲು ಕಡಿಮೆ ಇದೆ. ಕಾಗದದಲ್ಲೂ ಯಾರು ಎಲ್ಲಿ ಉಗುಳು ನುಂಗಿದ್ರು ಅಂತ ನನಗೆ ಗೊತ್ತಾಗುತ್ತೆ ಕಣೋ. 'ಆಯ್ತಮ್ಮ' ಅಂದ್ರು, ಅಷ್ಟೇ ಅಂತ ಬರೆದಿದ್ದೀಯ. ನಿನ್ನ ಸುದ್ದಿ ಕೇಳದೆ ಅಪ್ಪ ಯಾವತ್ತಾದ್ರೂ ಮಾತು ಮುಗಿಸಿದ್ದು ಇದೆಯಾ? ಆಮೇಲೆ ಏನಂದ್ರು?

ಇನ್ನೊಂದು. ಕೈ ನೋವಿಗೆಲ್ಲ ಆಸ್ಪತ್ರೆಗೆ ಫೋನ್ ಮಾಡೋ ಮನುಷ್ಯ ಅಲ್ಲ ಅವರು. ನನ್ನ ಹತ್ರ ಬಾಯಿ ಬಿಡಲಿಲ್ಲ. ನಿನ್ನ ಹತ್ರ ಏನಾದ್ರೂ ಹೇಳಿದ್ರಾ? ಇಲ್ಲ ಅಂದ್ರೆ ಇಲ್ಲ ಅನ್ನು, ನಂಬ್ತೀನಿ.

ಅಕ್ಕ


ಆಗಸ್ಟ್ ೧೯

ಅಕ್ಕ,

ಆ ಸಾಲು ಇದೆ. 'ಆಯ್ತಮ್ಮ' ಅಂದ ಮೇಲೆ, 'ಚಿಕ್ಕೋನು ಅಲ್ಲೇ ಇದ್ದಾನಾ? ಅವನಿಗೆ ಹೇಳು, ಅವನು ಬರೆದಿದ್ದ ಹಾಗೇ ಫೋನ್ ಮಾಡಿದ್ದೀನಿ ಅಂತ' ಅಂದ್ರು. ಉತ್ತರಕ್ಕೆ ಕಾದಿದ್ದಾರೆ. ಅಷ್ಟರಲ್ಲಿ ಯಂತ್ರ ಲೈನ್ ಕಡಿದಿದೆ.

ನೀನು ಕೇಳಿದ್ದಕ್ಕೆ ಇಲ್ಲ ಅಂತ ಮೂರು ಸಲ ಬರೆದು ಹರಿದೆ.

ನನಗೆ ಹೇಳಿದ್ರು ಅಕ್ಕ, ಮೇ ತಿಂಗಳಲ್ಲೇ. ಸ್ವಲ್ಪ ಅಂತ ಹೇಳಿದ್ರು.

ನಿನ್ನ ತಮ್ಮ